ಲಾರಿಗೆ ಉಬ್ಬಸ ಹಿಡಿದದ್ದು

ಕಿವಿಮೇಸ್ತ್ರಿಯ ಮನೆಯಲ್ಲಿ ಒಂದೇ ವಾರದಲ್ಲಿ ಎರಡು ಯಂತ್ರಗಳು ಕೈಕೊಟ್ಟವು. ಅಡುಗೆಮನೆಯ ಕುಕ್ಕರ್ ಕೂಗುವುದನ್ನು ನಿಲ್ಲಿಸಿತು. ಅಂಗಳದ ಲಾರಿ ಏರು ಹತ್ತುವುದನ್ನು ನಿಲ್ಲಿಸಿತು. ಕುಕ್ಕರ್ ಕೆಟ್ಟಿದ್ದು ಅತ್ತೆಯಿಂದ ಎಂದು ಆತ ಅರ್ಧ ನಿಮಿಷದಲ್ಲಿ ತೀರ್ಪು ಕೊಟ್ಟ. ಲಾರಿ ಕೆಟ್ಟಿದ್ದು ಯಾರಿಂದ ಎಂದು ಕಂಡುಹಿಡಿಯಲು ಮಾತ್ರ ಮೂರು ವಾರ ಬೇಕಾಯಿತು.

ಕಿವಿಮೇಸ್ತ್ರಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಲಾರಿ ನಿಲ್ದಾಣದವರು ಇಟ್ಟದ್ದು. ಆತನ ಕಸುಬು ಮನೆ ಸಾಮಾನು ಸಾಗಿಸುವುದು. ಆದರೆ ಯಾರ ಲಾರಿ ಕೆಮ್ಮಿದರೂ ಕರೆಯದಿದ್ದರೂ ಹೋಗಿ, ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣುಮುಚ್ಚಿ, "ಮೂರನೇದು ದುಡೀತಿಲ್ಲ" ಎಂದು ಘೋಷಿಸುತ್ತಿದ್ದ. ಹತ್ತರಲ್ಲಿ ಆರು ಸಲ ಸರಿ ಇರುತ್ತಿತ್ತು. (ಉಳಿದ ನಾಲ್ಕು ಸಲ ಸ್ಕ್ರೂಡ್ರೈವರ್ ಸರಿ ಇರುತ್ತಿರಲಿಲ್ಲ.) ಆ ಹೆಸರಿನಲ್ಲಿ ಅರ್ಧ ಮರ್ಯಾದೆ, ಅರ್ಧ ಗೇಲಿ. ಆತ ಮರ್ಯಾದೆಯ ಅರ್ಧವನ್ನು ಇಟ್ಟುಕೊಂಡು ಇನ್ನರ್ಧವನ್ನು ಅವರಿಗೇ ಬಿಟ್ಟಿದ್ದ.

"ಇಂಜಿನ್ನು ಪಿಸುಗುಟ್ಟಿದ್ರೂ ಕೇಳಿಸುತ್ತೆ. ಹೆಂಡತಿ ಕೂಗಿಕೊಂಡ್ರೂ ಕೇಳ್ಸಲ್ಲ. ಅದೆಂಥ ಕಿವೀನೋ ನಿಮ್ದು!" ಎಂದು ಅವನ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಾ ಹೇಳುತ್ತಿದ್ದಳು. ಅದೂ ಆತನಿಗೆ ಕೇಳಿಸುತ್ತಿರಲಿಲ್ಲ.

ಸಾಮಾನು ಸಾಗಿಸುವುದರಲ್ಲಿ ಆತನದೊಂದು ಸ್ವಂತ ಪದ್ಧತಿ ಇತ್ತು. ಒಂದೇ ಲಾರಿಯಲ್ಲಿ ಎರಡು ಮನೆಯ ಸಾಮಾನು ಹೋಗುವಾಗ ಅದಲುಬದಲಾಗಬಾರದಲ್ಲ? ಅದಕ್ಕೆ ಪ್ರತಿ ಮನೆಗೂ ಒಂದೊಂದು ಬಣ್ಣದ ಚುಕ್ಕೆ. ಒಂಬತ್ತು ವರ್ಷದ ಹಿಂದೆ ಅತ್ತೆ ತನ್ನ ಮನೆ ಖಾಲಿ ಮಾಡಿ ಮಗಳ ಮನೆಗೆ ಬಂದಾಗ ಆಕೆಗೆ ಸಿಕ್ಕಿದ್ದು ಹಳದಿ. ಮಂಚ, ಬೀರು, ಫ್ಯಾನು, ಬಕೆಟ್ಟು, ಎಲ್ಲಕ್ಕೂ ಅಳಿಯನೇ ಬ್ರಷ್ಷು ಹಿಡಿದು ಚುಕ್ಕೆ ಇಟ್ಟ. "ಇದಕ್ಕೂ ಒಂದು ಇಟ್ಬಿಡಿ ಅಳಿಯಂದಿರೇ, ಚಿಕ್ಕ ಸಾಮಾನೇ ಮೊದಲು ಕಳೆದುಹೋಗೋದು" ಎಂದು ಅತ್ತೆ ಕುಕ್ಕರಿನ ರಬ್ಬರ್ ಗ್ಯಾಸ್ಕೆಟ್ಟನ್ನೂ ಮುಂದೆ ಹಿಡಿದಳು. ಆತ ಅದರ ಹೊರ ಅಂಚಿಗೂ ಒಂದು ಚುಕ್ಕೆ ಇಟ್ಟು, "ಈ ಬಣ್ಣ ಬೇಯಿಸಿದ್ರೂ ಹೋಗಲ್ಲ ಅತ್ತೆ" ಎಂದು ಎದೆಯುಬ್ಬಿಸಿದ್ದ. ನಿಜಕ್ಕೂ ಹೋಗಲಿಲ್ಲ. ಒಂಬತ್ತು ವರ್ಷ ದಿನಕ್ಕೆರಡು ಸಲ ಬೆಂದರೂ ಆ ಚುಕ್ಕೆ ಹಾಗೇ ಇತ್ತು.

ಈಗ ಗ್ಯಾಸ್ಕೆಟ್ಟಿನ ವಿಷಯ. ಲಾರಿಯ ಡೀಸೆಲ್ ಟ್ಯಾಂಕಿನ ಮುಚ್ಚಳ ಸವೆದು, ಲಾರಿ ರಸ್ತೆಯ ಗುಂಡಿ ಹಾರಿದಾಗಲೆಲ್ಲ ಡೀಸೆಲ್ ತುಳುಕುತ್ತಿತ್ತು. ಆತನ ಬಟ್ಟೆಗೆ, ಬಟ್ಟೆಯಿಂದ ಹಾಸಿಗೆಗೆ ಆ ವಾಸನೆ ಹತ್ತಿತ್ತು. "ಹಾಸಿಗೇಲಿ ಮಲಗಿದೀನೋ ಟ್ಯಾಂಕಲ್ಲಿ ಮಲಗಿದೀನೋ ಗೊತ್ತಾಗಲ್ಲ. ಇನ್ಮೇಲೆ ನೀವು ಲಾರೀಲೇ ಮಲಗಿ" ಎಂದು ಹೆಂಡತಿ ಒಂದು ಬೆಳಿಗ್ಗೆ ಹೇಳಿದ್ದು ಮಾತ್ರ ಅದು ಹೇಗೋ ಕಿವಿಗೆ ಬಿತ್ತು. ಅಂದೇ ಮಧ್ಯಾಹ್ನ ಹೆಂಗಸರಿಬ್ಬರೂ ಹೊರಗೆ ಹೋಗಿದ್ದಾಗ, ತೊಳೆದು ಬೋರಲು ಹಾಕಿದ್ದ ಕುಕ್ಕರಿನ ಪಕ್ಕ ಆ ದಪ್ಪ ರಬ್ಬರು ಕಣ್ಣಿಗೆ ಬಿತ್ತು. ಆತ ಅದನ್ನು ಕತ್ತರಿಸಿ, ಮುಚ್ಚಳದ ಒಳಗೆ ಎರಡು ಸುತ್ತು ಕೂರಿಸಿ, ಮುಚ್ಚಳದ ನಡುವೆ ಯಾಕೋ ಇದ್ದ ಒಂದು ಸಣ್ಣ ತೂತಿಗೂ ಅಂಟು ಮೆತ್ತಿ, ಒಣಗಿಸಿ, ಬಿಗಿದ. ಡೀಸೆಲ್ ನಿಂತಿತು. ವಾಸನೆ ನಿಂತಿತು. ಆಮೇಲೆ ಮುಚ್ಚಳ ತೆಗೆದಾಗಲೆಲ್ಲ "ಸುಸ್ಸ್" ಎಂದು ಶಬ್ದ ಬರತೊಡಗಿತು. ಅದು ತನ್ನ ಕೈಚಳಕಕ್ಕೆ ಮುಚ್ಚಳ ಕೊಡುತ್ತಿರುವ ಸರ್ಟಿಫಿಕೇಟು ಎಂದೇ ಆತ ತಿಳಿದ.

ಹೊಸ ಗ್ಯಾಸ್ಕೆಟ್ ತಂದಿಟ್ಟರಾಯಿತು ಎಂಬುದು ಆತನ ಲೆಕ್ಕ. ಆದರೆ ಆ ಕಾಲದ ಕುಕ್ಕರಿಗೆ ಈ ಕಾಲದ ಅಂಗಡಿಗಳಲ್ಲಿ ಅಳತೆ ಇರಲಿಲ್ಲ. ಆತ ಮೂರು ಅಂಗಡಿ ಸುತ್ತಿ ಬರಿಗೈಯಲ್ಲಿ ಮನೆಗೆ ಬಂದಾಗ ಅತ್ತೆ ನಡುಮನೆಯಲ್ಲಿ ನಿಂತು, "ಅಳಿಯಂದಿರೇ, ನನ್ನ ಗ್ಯಾಸ್ಕೆಟ್ ಏನಾದ್ರೂ ನೋಡಿದ್ರಾ?" ಎಂದು ಕೇಳಿದಳು.

"ನಾನು" ಎಂದು ಒಂದು ಮಾತು ಹೇಳಿದ್ದರೆ ಹತ್ತು ನಿಮಿಷ ಬೈಗುಳ ತಿಂದು ಮುಗಿಯುತ್ತಿತ್ತು. ಆತ ಹಾಗೆ ಹೇಳಲಿಲ್ಲ. "ತೊಳೆಯೋವಾಗ ಕಸದ ಜೊತೆ ಹಾಕಿರ್ತೀರಿ ಅತ್ತೆ. ಈ ವಯಸ್ಸಲ್ಲಿ ಮರೆವು ಸಹಜ" ಎಂದುಬಿಟ್ಟ.

ಅತ್ತೆಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ಅವಳ ತಾಯಿಗೂ ಕೊನೆಗಾಲದಲ್ಲಿ ಮರೆವು ಬಂದಿತ್ತಂತೆ, ಮಕ್ಕಳ ಗುರುತೂ ಸಿಗುತ್ತಿರಲಿಲ್ಲವಂತೆ. ಮಾರನೆಯ ದಿನ ಆಕೆ ಕಸದ ಬುಟ್ಟಿಯನ್ನು ಅಂಗಳದಲ್ಲಿ ಸುರಿದು ಕಡ್ಡಿಯಿಂದ ಕೆದಕಿದಳು. ಅದರ ಮಾರನೆಯ ದಿನ ಚಮಚಗಳನ್ನು ಎಣಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿದಳು. ನಾಲ್ಕನೆಯ ದಿನ ಮಗನಿಗೆ ಫೋನು ಮಾಡಿ, "ಬಂದು ಕರ್ಕೊಂಡ್ಹೋಗಪ್ಪ, ನನಗೆ ಅರಳುಮರಳು ಶುರುವಾಗಿದೆ. ಒಲೆ ಆರಿಸೋದು ಮರೆತು ಇವರ ಮನೆ ಸುಟ್ಟುಬಿಟ್ಟೇನು" ಎಂದು ಒಂದು ಚೀಲ ಹಿಡಿದು ಹೊರಟೇಹೋದಳು. ಅಳಿಯ ಲಾರಿಯ ಅಡಿಯಲ್ಲಿ ಮಲಗಿದ್ದ. ಆಕೆಯ ಚಪ್ಪಲಿ ಹೋಗುವುದು ಕಂಡಿತು, ಆದರೂ ಆತ ಏಳಲಿಲ್ಲ.

ಅವನಿಗೆ ಆಗ ಅದಕ್ಕಿಂತ ದೊಡ್ಡ ಚಿಂತೆ ಇತ್ತು. ಲಾರಿ ಮಿಸ್ ಹೊಡೆಯುತ್ತಿತ್ತು. ಹೊರಟಾಗ ಏನೂ ಇಲ್ಲ. ಏಳೆಂಟು ಮೈಲಿ ಹೋಗುವಷ್ಟರಲ್ಲಿ, ಅದರಲ್ಲೂ ಊರಿನ ನೀರಿನ ಟ್ಯಾಂಕಿನ ಬಳಿಯ ಏರಿನಲ್ಲಿ, ಇಂಜಿನ್ನು ಗಂಟಲಿಗೆ ಏನೋ ಸಿಕ್ಕಿಕೊಂಡವರ ಹಾಗೆ ಮುಕ್ಕರಿಸಿ, ಎಳೆತವೇ ಇಲ್ಲದೆ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟು ಚಾಲೂ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತಿತ್ತು. ಒಬ್ಬ ಮೇಷ್ಟ್ರ ಮನೆ ಸಾಮಾನು ಏರಿನಲ್ಲಿ ಅರ್ಧ ಗಂಟೆ ನಿಂತಿತು. ಮೇಷ್ಟ್ರು ತಮ್ಮ ಕುರ್ಚಿಯನ್ನೇ ಇಳಿಸಿ ರಸ್ತೆಬದಿ ಹಾಕಿಸಿಕೊಂಡು, ಪೇಪರು ಓದುತ್ತಾ ಕೂತರು. ನಿಲ್ದಾಣದವರೆಲ್ಲ ಅದನ್ನು ನೋಡಿದರು.

ಕಿವಿಮೇಸ್ತ್ರಿ ಮಹಾ ತನಿಖೆ ಆರಂಭಿಸಿದ. ಆತನ ತನಿಖೆಗೂ ಒಂದು ಪದ್ಧತಿ. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮಡ್‌ಗಾರ್ಡಿನ ಮೇಲಿಡುವುದು, ಕೋಲು ಅದ್ದಿ ಡೀಸೆಲ್ ಎಷ್ಟಿದೆ ನೋಡುವುದು, ಆಮೇಲೆ ಇಂಜಿನ್ ಚಾಲೂ ಮಾಡಿ ಕಿವಿಗೊಡುವುದು. ಕೆಲಸ ಮುಗಿಯುವವರೆಗೆ ಮುಚ್ಚಳ ಮಡ್‌ಗಾರ್ಡಿನ ಮೇಲೇ. ಹಾಗಾಗಿ ಅಂಗಳದಲ್ಲಿ ಎಷ್ಟು ಹೊತ್ತು ಓಡಿಸಿದರೂ ಲಾರಿ ಸುಸ್ವರದಲ್ಲಿ ಹಾಡುತ್ತಿತ್ತು. ಹೊರಡುವಾಗ ಆತ ಮುಚ್ಚಳ ಬಿಗಿಯುತ್ತಿದ್ದ, ಏರಿನಲ್ಲಿ ಅದು ಮುಕ್ಕರಿಸುತ್ತಿತ್ತು.

ಫಿಲ್ಟರ್ ಬದಲಾಯಿಸಿದ. ಪಂಪಿನಲ್ಲಿ ಗಾಳಿ ಸೇರಿದೆಯೆಂದು ಗಾಳಿ ತೆಗೆದ. ನಾಲ್ಕು ಸಿಲಿಂಡರಿನ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ನೋಡಿದ. ದುಡಿಯುವ ಸಿಲಿಂಡರಿನದು ಸಡಿಲಿಸಿದರೆ ಇಂಜಿನ್ನಿನ ಸದ್ದು ಕುಗ್ಗಬೇಕು. ಕುಗ್ಗದಿದ್ದರೆ ಅದೇ ಸೋಮಾರಿ. ಕೂಡುಕುಟುಂಬದಲ್ಲಿ ಉಂಡಾಡಿ ಯಾರೆಂದು ಒಬ್ಬೊಬ್ಬರನ್ನೇ ಊರಿಗೆ ಕಳಿಸಿ ನೋಡಿದ ಹಾಗೆ. ನಾಲ್ಕೂ ದುಡಿಯುತ್ತಿದ್ದವು. ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ ಪರೀಕ್ಷೆಗೆ ಕೊಟ್ಟ, ಅವೂ ಪಾಸಾಗಿ ಬಂದವು. ಆಮೇಲೆ ಬಂಕಿನವನನ್ನು ಬೈದ, ಏರು ಕಟ್ಟಿದ ಇಂಜಿನಿಯರನ್ನು ಬೈದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಒಳಗೆ ಊಟವೂ ಮಿಸ್ ಹೊಡೆಯುತ್ತಿತ್ತು. ಕುಕ್ಕರಿಲ್ಲದೆ ಬೇಯಿಸಿದ ಕಾಳು ಹಲ್ಲಿಗೆ ಸಿಕ್ಕಿ ಕಟ್ ಎನ್ನುತ್ತಿತ್ತು. ಹೆಂಡತಿ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಮೂರನೆಯ ವಾರ ಮಾತಾಡಿದಳು.

"ಭಾನುವಾರ ಲಾರಿ ತಗೊಂಡು ತಮ್ಮನ ಮನೆಗೆ ಹೋಗೋಣ. ನೀವೇ ಬಾಯಿಬಿಟ್ಟು ಅಮ್ಮನ್ನ ಕರೀಬೇಕು."

"ಬಸ್ಸಲ್ಲಿ ಹೋಗಿ ಬಾರೇ. ನನಗ್ಯಾಕೆ..."

"ಮರೆವು ಅಂದಿದ್ದು ಬಸ್ಸಲ್ಲ, ನೀವು. ಇನ್ನೊಂದು ಮಾತು ಕೇಳಿ. ಅಮ್ಮ ಬರದಿದ್ರೆ ನಾನೂ ಬರಲ್ಲ. ಅಲ್ಲೇ ಇರ್ತೀನಿ. ಇದು ಕೇಳಿಸ್ತೋ, ಸ್ಕ್ರೂಡ್ರೈವರ್ ತರಲೋ?"

ಕೇಳಿಸಿತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಆ ದನಿಯಲ್ಲಿ ಒಂದೇ ಸಲ ಮಾತಾಡಿದ್ದಳು. ಆ ಸಲ ಹೇಳಿದಂತೆಯೇ ಮಾಡಿದ್ದಳು.

ಅವಳ ತಮ್ಮನಿಗೆ ಏರಿನ ತುದಿಯಲ್ಲಿ ಗ್ಯಾರೇಜು, ಅದರ ಹಿಂದೆಯೇ ಮನೆ. ಹೊಸ ಗಾಡಿಗಳಿಗೆ ವೈರು ಚುಚ್ಚಿ ಪರದೆಯ ಮೇಲೆ ರೋಗ ಓದುವ ಯಂತ್ರ ಇಟ್ಟುಕೊಂಡವನು. ಕಿವಿಮೇಸ್ತ್ರಿ ಅವನನ್ನು ಕಂಪ್ಯೂಟರ್ ಮೇಸ್ತ್ರಿ ಎಂದು ಕರೆಯುತ್ತಿದ್ದ, ಮೆಚ್ಚುಗೆಯಿಂದಲ್ಲ.

ಭಾನುವಾರ ಬೆಳಿಗ್ಗೆ ಆತ ಪದ್ಧತಿಯಂತೆ ಕೋಲು ಅದ್ದಲು ಮುಚ್ಚಳ ತೆಗೆದ. ಸುಸ್ಸ್.

"ಅದೇನ್ರೀ ಶಬ್ದ?" ಎಂದಳು ಹೆಂಡತಿ.

"ಅದಾ? ಟೈಟಾಗಿ ಕೂತಿದೆ ಅಂತ ಅರ್ಥ. ಒಂದು ತೊಟ್ಟು ಆಚೆ ಬರಲ್ಲ. ಗಾಳಿ ಕೂಡ ನುಸುಳಲ್ಲ!"

ಅವಳು ಹತ್ತಿ ಕೂತಳು. ಏರಿನ ಅರ್ಧದಲ್ಲಿ ಲಾರಿ ಮುಕ್ಕರಿಸಿತು. ಎರಡನೇ ಗೇರು, ಮೊದಲನೇ ಗೇರು, ಕೊನೆಗೆ ಹ್ಯಾಂಡ್ ಬ್ರೇಕು. ಆತ ಸ್ಕ್ರೂಡ್ರೈವರ್ ಹುಡುಕತೊಡಗಿದ.

"ನಿಂತು ನಿಂತು ಬರ್ತಿದೆ, ಅಲ್ವಾ?" ಎಂದಳು ಹೆಂಡತಿ ಕಿಟಕಿಯಾಚೆ ನೋಡುತ್ತಾ.

"ನಿನಗೇನೇ ಗೊತ್ತಾಗುತ್ತೆ ಇಂಜಿನ್ನು?"

"ಇಂಜಿನ್ನು ಗೊತ್ತಾಗಲ್ಲ. ಎಣ್ಣೆ ಡಬ್ಬ ಗೊತ್ತಾಗುತ್ತೆ. ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಹೀಗೇ ನಿಂತು ನಿಂತು ಬರೋದು, ಆಮೇಲೆ ಬರೋದೇ ಇಲ್ಲ. ಆ ಕಡೆ ಇನ್ನೊಂದು ತೂತು ಹೊಡೀಬೇಕು. ಎಣ್ಣೆ ಹೊರಗೆ ಬರಬೇಕಂದ್ರೆ ಗಾಳಿ ಒಳಗೆ ಹೋಗಬೇಕಲ್ರೀ."

ಕಿವಿಮೇಸ್ತ್ರಿಯ ಕೈ ಹಾಗೇ ನಿಂತಿತು. ಮುಚ್ಚಳದ ನಡುವಿನ ಆ ಸಣ್ಣ ತೂತು ಯಾಕಿತ್ತು ಎಂದು ಅವನಿಗೆ ಆ ಕ್ಷಣದಲ್ಲಿ ಹೊಳೆಯಿತು. ಟ್ಯಾಂಕು ಉಸಿರಾಡುವ ಮೂಗು ಅದು. ಅದನ್ನು ತಾನೇ ಅಂಟು ಮೆತ್ತಿ, ರಬ್ಬರು ಸುತ್ತಿ ಮುಚ್ಚಿದ್ದ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಮೂರು ವಾರ ಊರೆಲ್ಲ ಹುಡುಕಿದ್ದ. ಖುಷಿಯಿಂದ ಕೂಗಬೇಕು ಎನ್ನುವಷ್ಟರಲ್ಲಿ ಮುಚ್ಚಳದೊಳಗೆ ಏನಿದೆ ಎಂಬುದು ನೆನಪಾಗಿ, ಕೂಗನ್ನು ನುಂಗಿಕೊಂಡ.

"ಹಾಗೆಲ್ಲ ಏನಿಲ್ಲ. ಒಂದು ನಟ್ಟು ಸಡಿಲ ಇದೆ" ಎಂದು ಇಳಿದು ಹೋಗಿ, ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿದ. ಸುಸ್ಸ್ ಎಂದಿತು. ಆತ ಜೋರಾಗಿ ಕೆಮ್ಮಿ ಆ ಶಬ್ದವನ್ನು ಮುಚ್ಚಿದ.

ಲಾರಿ ಏರು ಹತ್ತಿತು. ಒಂದೇ ಒಂದು ಮಿಸ್ ಇಲ್ಲ.

ಗ್ಯಾರೇಜಿನ ಮುಂದೆ ಅತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮೂರು ವಾರಕ್ಕೆ ಇಳಿದುಹೋಗಿದ್ದಳು. ಅಳಿಯ ಹೋಗಿ ಕೈಕಟ್ಟಿ ನಿಂತು, "ಏನೋ ಬಾಯಿತಪ್ಪಿ ಒಂದು ಮಾತು ಬಂತು ಅತ್ತೆ. ಮನಸ್ಸಲ್ಲಿ ಇಟ್ಕೋಬೇಡಿ. ಮನೆಗೆ ಬನ್ನಿ" ಎಂದ.

"ನೀವು ಹೇಳಿದ್ರಲ್ಲಿ ತಪ್ಪೇನಿಲ್ಲ ಅಳಿಯಂದಿರೇ. ಎಷ್ಟು ಯೋಚನೆ ಮಾಡಿದ್ರೂ ಅದನ್ನ ಎಲ್ಲಿಟ್ಟೆ ಅಂತ ಇವತ್ತಿಗೂ ನೆನಪಾಗ್ತಿಲ್ಲ. ಡಾಕ್ಟರ ಹತ್ರ ಹೋಗಿದ್ದೆ. ಮರೆವಿಗೆ ಮಾತ್ರೆ ಕೊಟ್ಟಿದ್ದಾರೆ" ಎಂದು ಅತ್ತೆ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಹಾಳೆಯನ್ನು ತೋರಿಸಿದಳು.

ಇದೇ ಸಮಯ. ಮನುಷ್ಯನಾದವನು ಇಲ್ಲಿ ಬಾಯಿ ಬಿಡಬೇಕಿತ್ತು. ಆತ ಬಾಯಿ ಬಿಟ್ಟ. ಬಿಟ್ಟು, "ತಪ್ಪದೆ ತಗೊಳ್ಳಿ ಅತ್ತೆ" ಎಂದ.

ಅಳಿಯ ತಾನಾಗಿ ಬಂದು ಕರೆದದ್ದಕ್ಕೆ ಮುದುಕಿಯ ಮುಖ ಅರಳಿತು. "ಕರೆದ ಮೇಲೆ ಬರದೆ ಇರ್ತೀನಾ?" ಎಂದು ಚೀಲ ತರಲು ಎದ್ದಳು. ಹೆಂಡತಿ ಮೂರು ವಾರದಲ್ಲಿ ಮೊದಲ ಸಲ ಗಂಡನ ಕಡೆ ನೋಡಿ ನಕ್ಕಳು. ಎಲ್ಲವೂ ಅಲ್ಲಿಗೇ ಮುಗಿದಿತ್ತು, ಹೊರಡುವುದೊಂದೇ ಬಾಕಿ.

ಅಷ್ಟರಲ್ಲಿ ಕಂಪ್ಯೂಟರ್ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬಂದ. "ಭಾವ, ಲಾರಿ ಮಿಸ್ ಹೊಡೀತಿದೆ, ನಿಮ್ಮ ಕೈಲೂ ಆಗ್ಲಿಲ್ಲ ಅಂತ ನಿಲ್ದಾಣದಲ್ಲಿ ಹೇಳ್ತಿದ್ರು. ಇವತ್ತು ಚೆನ್ನಾಗೇ ಹತ್ತಿಸಿದ್ರಲ್ಲ?"

'ನಿಮ್ಮ ಕೈಲೂ ಆಗ್ಲಿಲ್ಲ' ಎಂಬುದು ನೇರ ಎದೆಗೆ ತಾಗಿತು. ಮೂವತ್ತು ವರ್ಷದಲ್ಲಿ ಇದಕ್ಕಿಂತ ಚೆಂದದ ರೋಗ ಅವನ ಕೈಗೆ ಸಿಕ್ಕಿರಲಿಲ್ಲ. ಅದನ್ನು ಯಾರಿಗೂ ಹೇಳದೆ ಸಾಯುವುದೆಂದರೇನು?

"ನಿನ್ನ ಕಂಪ್ಯೂಟರಿಗೆ ಜನ್ಮದಲ್ಲಿ ಸಿಗ್ತಿರಲಿಲ್ಲ ಕಣಯ್ಯ" ಎಂದು ಶುರು ಮಾಡಿದ. "ಫಿಲ್ಟರ್ ಸರಿ. ಪಂಪ್ ಸರಿ. ನಾಲ್ಕು ನಾಜಲ್ಲೂ ಸರಿ. ಆದ್ರೂ ಏರಲ್ಲಿ ನಿಲ್ಲುತ್ತೆ, ಅರ್ಧ ಗಂಟೆ ಬಿಟ್ರೆ ಓಡುತ್ತೆ. ಯಾಕೆ ಹೇಳು? ಟ್ಯಾಂಕಿಗೆ ಉಬ್ಬಸ! ಗಾಳಿ ಒಳಗೆ ಹೋಗದೆ ಡೀಸೆಲ್ ಹೇಗೆ ಹೊರಗೆ ಬರುತ್ತೆ? ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ..."

ಹೆಂಡತಿ ತಲೆಯೆತ್ತಿದಳು. ಆತ ನೋಡಲಿಲ್ಲ.

"ಓಹೋ, ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿತ್ತಾ?" ಎಂದ ಭಾವಮೈದ. ನಿಜವಾದ ಬೆರಗಿನಿಂದಲೇ ಲಾರಿಯ ಬಳಿ ಹೋಗಿ, ಸಡಿಲವಾಗಿದ್ದ ಮುಚ್ಚಳವನ್ನು ತಿರುಗಿಸಿ ತೆಗೆದು ಬೆಳಕಿಗೆ ಹಿಡಿದ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಕಿವಿಮೇಸ್ತ್ರಿಗೆ ಆಗ ನೆನಪಾಯಿತು. (ಅವನ ನೆನಪು ಯಾವಾಗಲೂ ಒಂದು ಹೆಜ್ಜೆ ಹಿಂದೆ.) "ಇದೇನ್ ಭಾವ, ಇಷ್ಟು ದಪ್ಪ ರಬ್ಬರು ತುರುಕಿದ್ದೀರಿ?" ಎಂದು ಭಾವಮೈದ ಅಂಚು ಹಿಡಿದು ಎಳೆದ. ಡೀಸೆಲ್ ಕುಡಿದು ಉಬ್ಬಿದ್ದ ರಬ್ಬರು ಸುರುಳಿ ಬಿಚ್ಚಿಕೊಂಡು ಈಚೆ ಬಂತು. ಅದರ ಅಂಚಿನಲ್ಲಿ ಹಳದಿ ಚುಕ್ಕೆ ಇತ್ತು. ಬೇಯಿಸಿದರೂ ಹೋಗದ ಬಣ್ಣ ಡೀಸೆಲ್ಲಿಗೂ ಹೋಗಿರಲಿಲ್ಲ.

ಚೀಲ ಹಿಡಿದು ಬಂದ ಅತ್ತೆ ನಿಂತಳು. ಚೀಲ ಕೆಳಗಿಟ್ಟು, ಮಗನ ಕೈಯಿಂದ ಅದನ್ನು ತೆಗೆದುಕೊಂಡು, ಚುಕ್ಕೆಯ ಮೇಲೆ ಬೆರಳಾಡಿಸಿದಳು.

"ನಂದೇ. ಹಾಗಾದ್ರೆ ನಾನು ಎಲ್ಲೂ ಇಟ್ಟಿರಲಿಲ್ಲ" ಎಂದಳು. ಆಮೇಲೆ ಮಗಳ ಕಡೆ ತಿರುಗಿದಳು, ಕಣ್ಣಲ್ಲಿ ನೀರು ತುಂಬಿತ್ತು. "ನನಗೆ ಮರೆವಿಲ್ಲ ಕಣೇ. ನನಗೇನೂ ಆಗಿಲ್ಲ!"

ಆ ಸಂತೋಷ ನೋಡಿ ಕಿವಿಮೇಸ್ತ್ರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅತ್ತೆ ಬೈಯಲಿಲ್ಲ. ಸೆರಗಿನ ಗಂಟಿನಿಂದ ಮಾತ್ರೆಯ ಹಾಳೆ ತೆಗೆದು ಅಳಿಯನ ಅಂಗೈಯಲ್ಲಿಟ್ಟು, "ಇನ್ನೂ ಹನ್ನೊಂದು ಇವೆ. ಇಟ್ಟಿದ್ದೆಲ್ಲಿ ಅನ್ನೋದು ಮರೆತಿದ್ದು ನೀವು. ತಪ್ಪದೆ ತಗೊಳ್ಳಿ ಅಳಿಯಂದಿರೇ" ಎಂದು ಚೀಲ ಎತ್ತಿಕೊಂಡು ಮಗನ ಮನೆಯೊಳಗೆ ಹೋದಳು.

"ನಡೀರಿ. ಹಳದಿ ಚುಕ್ಕೆ ಇರೋದೆಲ್ಲ ಇವತ್ತೇ ಇಲ್ಲಿ ಬಂದು ಇಳೀಬೇಕು" ಎಂದಳು ಹೆಂಡತಿ.

ಅಳಿಯ ಒಂಬತ್ತು ವರ್ಷದ ಹಿಂದೆ ಇಟ್ಟ ಚುಕ್ಕೆಗಳನ್ನು ಆಮೇಲೆ ನೋಡಿರಲೇ ಇಲ್ಲ. ಈಗ ವಾಪಸ್ಸು ಬಂದು ಮನೆಯ ಯಾವ ಮೂಲೆ ನೋಡಿದರೂ ಅವೇ. ಮಲಗುವ ಮಂಚ ಅತ್ತೆಯದು. ತಲೆಯ ಮೇಲಿನ ಫ್ಯಾನು ಅತ್ತೆಯದು. ತಾನು ದಿನಾ ಕಾಲುಚಾಚಿ ಕೂತು ಅತ್ತೆಯನ್ನು ಆಡಿಕೊಳ್ಳುತ್ತಿದ್ದ ಕುರ್ಚಿಯನ್ನು ಬೋರಲು ಮಾಡಿದರೆ ಅಡಿಯಲ್ಲಿ ಹಳದಿ ಚುಕ್ಕೆ. ಸ್ನಾನದ ಬಕೆಟ್ಟಿನಲ್ಲೂ, ಗೋಡೆ ಗಡಿಯಾರದ ಹಿಂದೆಯೂ ಚುಕ್ಕೆ. ಊರವರ ಮನೆಯನ್ನೆಲ್ಲ ಹೊತ್ತವನು ಅಂದು ತನ್ನ ಮನೆಯನ್ನು ಹೊತ್ತ. ಮಧ್ಯಾಹ್ನದ ಹೊತ್ತಿಗೆ ನಡುಮನೆ ಬಣಬಣ ಎನ್ನುತ್ತಿತ್ತು. ಅಲ್ಲಿ ಉಳಿದದ್ದು ಒಂದು ಚಾಪೆ, ಆತನ ಸಲಕರಣೆ ಪೆಟ್ಟಿಗೆ ಮತ್ತು ಹೆಂಡತಿಯ ಹೊಲಿಗೆ ಯಂತ್ರ.

ಯಂತ್ರ ಉಳಿದದ್ದು ನೋಡಿ ಅವನಿಗೆ ಜೀವ ಬಂತು. ಮೇಲೆ, ಕೆಳಗೆ, ಪೆಡಲಿನ ಹಿಂದೆ ನೋಡಿದ. "ಇದಕ್ಕೆ ಚುಕ್ಕೆ ಇಲ್ಲ ಕಣೇ" ಎಂದ.

ಹೆಂಡತಿ ಅವನ ಪೆಟ್ಟಿಗೆಯಿಂದಲೇ ಹಳದಿ ಡಬ್ಬ ತೆಗೆದು, ಮುಚ್ಚಳ ಮೀಟಿ, ಬ್ರಷ್ಷು ಅದ್ದಿ, ಯಂತ್ರದ ಮೈಮೇಲೆ ನೀಟಾಗಿ ಒಂದು ಚುಕ್ಕೆ ಇಟ್ಟಳು.

"ಈಗ ಇದೆ. ಎತ್ತಿ. ಬಣ್ಣ ಹಸಿ ಇದೆ, ಹುಷಾರು."

ಲಾರಿ ಹೊರಟಿತು. ಮುಚ್ಚಳದಿಂದ ಡೀಸೆಲ್ ಮತ್ತೆ ತುಳುಕುತ್ತಿತ್ತು, ವಾಸನೆ ಒಳಗೆಲ್ಲ ತುಂಬಿತ್ತು. ಹೆಂಡತಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನೀರಿನ ಟ್ಯಾಂಕಿನ ಏರು ಬಂತು. ಕಿವಿಮೇಸ್ತ್ರಿ ಗೇರು ಇಳಿಸಿ, ಉಸಿರು ಬಿಗಿಹಿಡಿದು ಕಿವಿಗೊಟ್ಟ. ಮೂವತ್ತು ವರ್ಷದಲ್ಲಿ ಯಾವ ಇಂಜಿನ್ನಿಗೂ ಅವನು ಹಾಗೆ ಕಿವಿಗೊಟ್ಟಿರಲಿಲ್ಲ. ಒಂದು ಸಲ ಮುಕ್ಕರಿಸಿದರೆ ಸಾಕು, ಅರ್ಧ ಗಂಟೆ ಸಿಗುತ್ತದೆ. ಹೇಳಬೇಕಾದ್ದನ್ನು ಈ ಸಲ ಸುಳ್ಳಿಲ್ಲದೆ ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಲಾರಿಗೆ ಕೈಮುಗಿದ. ನಿಲ್ಲಿಸಿ ಹೇಳಬಹುದಿತ್ತಲ್ಲ ಎನ್ನುತ್ತೀರಾ? ಚೆನ್ನಾಗಿ ಓಡುವ ಲಾರಿಯನ್ನು ತಾನಾಗಿ ನಿಲ್ಲಿಸಿ ತಪ್ಪೊಪ್ಪಿಕೊಳ್ಳುವಷ್ಟು ದೊಡ್ಡ ಮನುಷ್ಯ ಅವನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಾಲ್ಕೂ ಸಿಲಿಂಡರು ಒಂದೇ ತಾಳದಲ್ಲಿ ದುಡಿದವು. ಇಡೀ ಮನೆಯನ್ನು ಬೆನ್ನ ಮೇಲೆ ಹೊತ್ತ ಹಳೇ ಲಾರಿ ಮೂರನೇ ಗೇರಿನಲ್ಲೇ ಸರಾಗವಾಗಿ ಏರು ಹತ್ತಿ, ಗ್ಯಾರೇಜಿನ ಮುಂದೆ ಹೋಗಿ ನಿಂತಿತು.

ಹೆಂಡತಿ ಬಾಗಿಲು ತೆಗೆದು ಇಳಿದಳು. ಇಳಿದವಳು ಒಮ್ಮೆ ತಿರುಗಿ, ಮಡ್‌ಗಾರ್ಡನ್ನು ಮೆಲ್ಲಗೆ ತಟ್ಟಿದಳು.

"ರಿಪೇರಿ ಚೆನ್ನಾಗಿ ಮಾಡಿದ್ದೀರಿ" ಎಂದಳು.